ನಿಂಬೆ ಐಸ್ ಟೀಗೆ ಉಪ್ಪೋ, ಎಳನೀರೋ, ಓಆರ್‌ಎಸ್ಸೋ?

ಐಸ್ ಟೀ, ನಿಂಬೆ ಶರಬತ್ತು ಬೆರೆಸಿದ ಪಾನೀಯವನ್ನು ಅಮೆರಿಕದಲ್ಲಿ ಗಾಲ್ಫ್ ಆಟಗಾರ ಆರ್ನಲ್ಡ್ ಪಾಮರ್ ಹೆಸರಿನಿಂದಲೇ ಕೇಳುತ್ತಾರೆ. ಬೆವರಿನಲ್ಲಿ ಹೋದ ಲವಣವನ್ನೂ ಅದರಲ್ಲೇ ತುಂಬಿಕೊಳ್ಳಲು ಸುಲಭವಾಗಿ ಸಿಗುವುದು ಮೂರು: ಅಡುಗೆ ಉಪ್ಪು, ಎಳನೀರು, ಭೇದಿಯಾದಾಗ ನೀರಿನಲ್ಲಿ ಕರಗಿಸಿ ಕುಡಿಯುವ ಓಆರ್‌ಎಸ್ ಪುಡಿ. ಒಂದೇ ಬಗೆಯ ಟೀಯಲ್ಲಿ ಮೂರನ್ನೂ ಬೇರೆ ಬೇರೆಯಾಗಿ ಹಾಕಿ ಕುಡಿದು ನೋಡಿದ ಲೆಕ್ಕ ಇದು.

ಟೀ ಕೆಟ್ಟರೆ ಮುಂದಿನದೆಲ್ಲ ವ್ಯರ್ಥ. ಅರ್ಧ ಲೀಟರ್ ಕುದಿ ನೀರಿಗೆ 8 ಗ್ರಾಂ ಎಲೆ ಟೀ ಹಾಕಿ 4 ನಿಮಿಷಕ್ಕೆ ಸೋಸಿ. ಹೆಚ್ಚು ಬಿಟ್ಟರೆ ಒಗರು. ಬಿಸಿ ಡಿಕಾಕ್ಷನ್ನನ್ನು ಹಾಗೇ ಫ್ರಿಜ್ಜಿಗಿಟ್ಟರೆ ಕೆಫೀನ್ ಮತ್ತು ಟ್ಯಾನಿನ್ ಅಂಟಿಕೊಂಡು ಕದಡುತ್ತದೆ. ಮೊದಲು ತಣ್ಣೀರು ಬೆರೆಸಿ, ಆರಿದ ಮೇಲೆ ಒಳಗಿಡಿ. ಗಟ್ಟಿ ಅಸ್ಸಾಂ ಸಿಟಿಸಿ (ಹರಳು ಟೀಪುಡಿ) ಬೇಗ ಕದಡುತ್ತದೆ, ನೀಲಗಿರಿ ಎಲೆ ತಿಳಿಯಾಗಿ ನಿಲ್ಲುತ್ತದೆ. ಪುರುಸೊತ್ತಿದ್ದರೆ 10 ಗ್ರಾಂ ಎಲೆಯನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ನೆನೆಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಒಗರೂ ಕಡಿಮೆ, ಕದಡುವ ತಾಪತ್ರಯವೂ ಇಲ್ಲ.

ಒಟ್ಟು ಒಂದು ಲೀಟರಿಗೆ 60 ಎಂಎಲ್ ನಿಂಬೆರಸ, 40 ಗ್ರಾಂ ಸಕ್ಕರೆ. ಸಕ್ಕರೆಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿಯೇ ಹಾಕಿ, ಇಲ್ಲದಿದ್ದರೆ ತಳದಲ್ಲಿ ಕೂರುತ್ತದೆ. ನಿಂಬೆ ಕೊನೆಗೆ, ಟೀ ತಣ್ಣಗಾದ ಮೇಲೆ. ಬೀಜ ಜಜ್ಜಿದರೆ ಕಹಿ. ಹುಳಿ ಬಿದ್ದೊಡನೆ ಟೀ ಬಣ್ಣ ತೆಳುವಾಗುವುದು ಸಹಜ, ನೀರಾಯಿತೆಂದು ಮತ್ತೆ ಡಿಕಾಕ್ಷನ್ ಸುರಿಯಬೇಡಿ.

ಅಡುಗೆ ಉಪ್ಪು ಲೀಟರಿಗೆ 1.5 ಗ್ರಾಂ, ಅಂದರೆ ಸುಮಾರು ಕಾಲು ಚಮಚ. ಅದರಲ್ಲಿ ಸೋಡಿಯಂ 590 ಮಿಲಿಗ್ರಾಂ ಆಸುಪಾಸು. ಇಷ್ಟಾದರೆ ಉಪ್ಪು ನಾಲಿಗೆಗೆ ತಟ್ಟುವುದಿಲ್ಲ, ಒಗರು ಮಾತ್ರ ತಗ್ಗುತ್ತದೆ. ಅರ್ಧ ಚಮಚಕ್ಕೆ ಹೋದರೆ ಸಾರಿನ ರುಚಿ. ಪೊಟ್ಯಾಸಿಯಂ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಕಪ್ಪು ಉಪ್ಪಿನ ಗಂಧಕದ ವಾಸನೆ ಪಾನಿಪುರಿಗೆ ಸರಿ, ಟೀಗೆ ಬೇಡ.

ಎಳನೀರಿನದು ತದ್ವಿರುದ್ಧ. ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಆದ್ದರಿಂದ ಎಳನೀರೊಂದೇ ಸಾಲದು. ಟೀಗೆ ಬೆರೆಸುವ ಅರ್ಧ ಲೀಟರ್ ತಣ್ಣೀರಿನ ಬದಲು ಎಳನೀರು, ಜೊತೆಗೆ ಅದೇ ಕಾಲು ಚಮಚ ಉಪ್ಪು, ಸಕ್ಕರೆ 20 ಗ್ರಾಂಗೆ ಇಳಿಸಿ. ಗಂಜಿ ಕಾಯಿ ಬೇಡ, ನೀರು ಕಾಯಿಯೇ ಆಗಬೇಕು. ರುಚಿಯಲ್ಲಿ ಮೂರರಲ್ಲಿ ಇದೇ ಮೇಲು. ಆದರೆ ಅಂದೇ ಕುಡಿದು ಮುಗಿಸಬೇಕು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹೇಳಿಸಿಕೊಂಡವರು ಇದನ್ನು ಬಿಟ್ಟು ಉಪ್ಪಿನ ಬಗ್ಗೆಯೂ ವೈದ್ಯರನ್ನು ಕೇಳಲಿ.

ಓಆರ್‌ಎಸ್ ಕಾಗದದ ಮೇಲೆ ಗೆಲ್ಲುತ್ತದೆ, ಲೋಟದಲ್ಲಿ ಸೋಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಉಪ್ಪು 2.6, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಆ ಸಿಟ್ರೇಟ್ ನಿಂಬೆಯ ಹುಳಿಯನ್ನೇ ಕಟ್ಟಿಹಾಕುತ್ತದೆ. ಉಳಿಯುವುದು ಸಪ್ಪೆ ಉಪ್ಪುನೀರು. ನಿಂಬೆ ಹೆಚ್ಚಿಸಿ, ಸಕ್ಕರೆ ಹೆಚ್ಚಿಸಿ ಸರಿಮಾಡಲು ಹೋದರೆ ಸೂತ್ರದ ಅಳತೆಯೇ ಕೆಡುತ್ತದೆ. ಭೇದಿಯಾದಾಗ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಬರೀ ನೀರಿನಲ್ಲಿ ಕರಗಿಸಿ ಕುಡಿಯಬೇಕು, ಟೀಯಲ್ಲಿ ಅಲ್ಲ.