ಮೂರು ತಂತಿಯ ಬೇಸ್ ಗಿಟಾರ್: ಬಹುಕಾಲ ಬಳಸಿದ ಮೇಲಿನ ಅಭಿಪ್ರಾಯ

ಬೇಸ್ ಕೊಳ್ಳಲು ಹೊರಟವರು ನಾಲ್ಕು ತಂತಿ ಸಾಕೇ, ಐದು ಬೇಕೇ ಎಂದು ಯೋಚಿಸುತ್ತಾರೆ. ಮೂರಕ್ಕೆ ಇಳಿಯುವವರು ಅಪರೂಪ. ಆದರೆ ಮೂರು ತಂತಿ ಹೊಸದೇನಲ್ಲ. 19ನೇ ಶತಮಾನದಲ್ಲಿ ಡಬಲ್ ಬೇಸ್‌ಗೆ (ಪಿಟೀಲಿನಂತೆ ಕಮಾನು ಹಾಕುವ, ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ವಾದ್ಯ) ಮೂರೇ ತಂತಿ ಇರುವುದು ಸಾಮಾನ್ಯವಾಗಿತ್ತು. ಆ ವಾದ್ಯದ ಮಹಾನ್ ವಾದಕ ಜೊವಾನ್ನಿ ಬೊತ್ತೆಸಿನಿ (1821–1889) ನುಡಿಸಿದ್ದೂ ಮೂರು ತಂತಿಯದ್ದನ್ನೇ. ನಾಲ್ಕು ತಂತಿಯ ಬೇಸ್‌ನಲ್ಲಿ ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಸ್ವರಗಳ ತಂತಿಗಳಿರುತ್ತವೆ. ಇಲ್ಲಿ ಬರೆಯುತ್ತಿರುವುದು 34 ಇಂಚು ಸ್ಕೇಲಿನ (ನುಡಿಯುವ ತಂತಿಯ ಉದ್ದ), ಫೆಂಡರ್ ಕಂಪನಿಯ ಪ್ರಿಸಿಷನ್ ಮಾದರಿಯ ಸಾಧಾರಣ ಬೇಸ್‌ನ ಜಿ ತಂತಿ ತೆಗೆದು ಇ-ಎ-ಡಿಗೆ ಹೊಂದಿಸಿಕೊಂಡ ವಾದ್ಯದ ಬಗ್ಗೆ.

ಮೂರು ತಂತಿ ಸಾಕಾಗುವುದಕ್ಕೆ ಗಟ್ಟಿ ಕಾರಣವಿದೆ: ಒಂದು ಪೂರ್ತಿ ಸ್ಥಾಯಿ ಮೂರು ತಂತಿಯೊಳಗೇ ಮುಗಿಯುತ್ತದೆ. ಇ ತಂತಿಯ 3ನೇ ಫ್ರೆಟ್‌ನ (ನೆಕ್ ಎಂಬ ಉದ್ದನೆಯ ಹಿಡಿಯ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಜಿ ಸ್ವರದಿಂದ ಮೇಜರ್ ಸ್ಕೇಲ್ (ಸ್ವರಗಳ ಏರಿಕೆ) ಹಿಡಿಯಿರಿ. ಮುಂದಿನ ಅಂಕಿಗಳು ಫ್ರೆಟ್‌ಗಳವು. ಇ ತಂತಿಯಲ್ಲಿ 3, 5. ಎ ತಂತಿಯಲ್ಲಿ 2, 3, 5. ಡಿ ತಂತಿಯಲ್ಲಿ 2, 4, 5. ಎಂಟೂ ಸ್ವರಗಳು ನಾಲ್ಕು ಫ್ರೆಟ್‌ಗಳ ಒಳಗೆ, ಕೈ ಕದಲಿಸದೆ ಬಂದವು. ಹಾಡಿನ ತಳ ಹಿಡಿಯುವ ಕೆಲಸದ ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ.

ತೊಡಕು ಬರುವುದು ಮೂಲ ಸ್ವರ ಎ ತಂತಿಯಲ್ಲಿದ್ದಾಗ. ಎ ತಂತಿಯ 5ನೇ ಫ್ರೆಟ್‌ನ ಡಿಗೆ ಮೇಲಿನ ಡಿ ಬೇಕೆಂದರೆ ಜಿ ತಂತಿಯ 7ನೇ ಫ್ರೆಟ್ ಈಗ ಇಲ್ಲ. ಡಿ ತಂತಿಯ 12ಕ್ಕೆ ಹಾರಬೇಕು. ಹಾರುವ ಬದಲು ಮೂಲ ಸ್ವರವನ್ನೇ ಇ ತಂತಿಯ 10ನೇ ಫ್ರೆಟ್‌ನಲ್ಲಿ ಹಿಡಿದರೆ ಎರಡು ಸ್ವರಗಳೂ ಮತ್ತೆ ಒಂದೇ ಕೈಯಳತೆಗೆ ಬರುತ್ತವೆ. ದಪ್ಪ ತಂತಿಯ ಮೇಲುಭಾಗದಲ್ಲಿ ನಾದ ಹೆಚ್ಚು ಗುಂಡಗೆ, ಸ್ವಲ್ಪ ಮಬ್ಬಾಗಿ ಬರುತ್ತದೆ. ಮೂರು ತಂತಿ ಅಭ್ಯಾಸವಾದವರ ಬೇಸ್ ಬೇರೆಯೇ ಬಣ್ಣದಲ್ಲಿ ಕೇಳಿಸುವುದಕ್ಕೆ ಇದೇ ದೊಡ್ಡ ಕಾರಣ. ಫ್ರೆಟ್‌ಬೋರ್ಡಿನ ಮಧ್ಯಭಾಗವನ್ನು ಅನಿವಾರ್ಯವಾಗಿ ಕಲಿಯುತ್ತೀರಿ. ನನ್ನ ಲೆಕ್ಕದಲ್ಲಿ ಇದೇ ಈ ವಾದ್ಯದ ಅತಿ ದೊಡ್ಡ ಲಾಭ.

ಇನ್ನೊಂದು ಲಾಭ ಶುಚಿಯಾದ ನಾದ. ನುಡಿಸದೆ ಬಿಟ್ಟ ತಂತಿ ಉಳಿದವುಗಳ ಜೊತೆ ತಾನೂ ಗುನುಗುತ್ತದೆ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಹಾಕಿದರೆ ಆ ಗುನುಗು ಇನ್ನೂ ಎದ್ದು ಕೇಳುತ್ತದೆ. ಒಂದು ತಂತಿ ಹೋದರೆ ಅಷ್ಟು ಮ್ಯೂಟ್ ಮಾಡುವ (ಕೈಯಿಂದ ಸದ್ದಡಗಿಸುವ) ಕೆಲಸ ಕಡಿಮೆ. ಈ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ಸುತ್ತ ನಾದ ಬೇಗ ಸಾಯುವ ಜಾಗ ಇರುವುದು ಮಾಮೂಲು. ಅದು ತಂತಿಯ ಜೊತೆಗೇ ಹೋಯಿತು. ಖಾಲಿ ಟ್ಯೂನರ್ (ತಂತಿ ಬಿಗಿಸುವ ತಿರುಪು) ಬಿಚ್ಚಿಟ್ಟರೆ ನೆಕ್‌ನ ತುದಿಯ ಹೆಡ್‌ಸ್ಟಾಕ್ ಕೂಡ ಹಗುರಾಗಿ, ಪಟ್ಟಿ ಹಾಕಿ ನಿಂತಾಗ ನೆಕ್ ಕೆಳಗೆ ವಾಲುವುದು ಕಡಿಮೆಯಾಗುತ್ತದೆ.

ಬರೀ ತಂತಿ ಕಿತ್ತರೆ ಮಾತ್ರ ವಾದ್ಯ ಸರಿಹೋಗುವುದಿಲ್ಲ. ಒಂದೊಂದು ತಂತಿಯೂ ನೆಕ್ಕನ್ನು ಸುಮಾರು 20 ಕೆಜಿ ಬಲದಿಂದ ಎಳೆಯುತ್ತಿರುತ್ತದೆ. ಕಾಲುಭಾಗ ಎಳೆತ ಇಳಿದ ಕೂಡಲೇ, ನೆಕ್‌ನ ಒಳಗಿದ್ದು ಆ ಎಳೆತವನ್ನು ಎದುರಿಸುವ ಲೋಹದ ಸರಳು, ಅಂದರೆ ಟ್ರಸ್ ರಾಡ್‌ನ ಕೈ ಮೇಲಾಗಿ ನೆಕ್ ನೇರವಾಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿ ಝರ್ ಎನ್ನುವುದು ಇದರಿಂದಲೇ. ಶ್ರುತಿ ಮಾಡಿ, ಇ ತಂತಿಯನ್ನು 1ನೇ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದು, 7–8ನೇ ಫ್ರೆಟ್ ಮೇಲೆ ತಂತಿಯ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. 0.3 ಮಿಮೀ ಸಂದು ಇರಬೇಕು. ಕಡಿಮೆಯಿದ್ದರೆ ರಾಡ್ ಸಡಿಲಿಸಿ, ಒಂದು ಸಲಕ್ಕೆ ಕಾಲು ಸುತ್ತು ಮೀರಬೇಡಿ, ರಾತ್ರಿಯಿಡೀ ಬಿಟ್ಟು ಮತ್ತೆ ಅಳೆಯಿರಿ. ಮರ ನಿಧಾನವಾಗಿ ಒಗ್ಗುತ್ತದೆ. ಸ್ಯಾಡಲ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ತುಂಡು) ಎತ್ತರ, ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಯಿರುವಂತೆ ಮಾಡುವ ಹೊಂದಾಣಿಕೆ) ಮುಟ್ಟುವುದು ಅದಾದ ಮೇಲೆಯೇ.

ಎಲ್ಲ ಸರಿಮಾಡಿದರೂ ಎಲ್ಲಿಂದಲೋ ಗಿರಗಿರ ಸದ್ದು ಬರುತ್ತಿದ್ದರೆ ಖಾಲಿ ಸ್ಯಾಡಲ್ ನೋಡಿ. ತಂತಿಯ ಒತ್ತಡವಿಲ್ಲದೆ ಅದರ ಸ್ಪ್ರಿಂಗ್ ಮತ್ತು ಎತ್ತರದ ಸ್ಕ್ರೂಗಳು ಅದುರುತ್ತಿರುತ್ತವೆ. ಬಿಚ್ಚಿ ತೆಗೆದಿಡುವುದು ಒಳ್ಳೆಯದು.

ಮೂರು ತಂತಿಗಳನ್ನು ಫ್ರೆಟ್‌ಬೋರ್ಡಿನ ಅಗಲಕ್ಕೆ ಸಮನಾಗಿ ಹರಡುವ ಆಸೆ ಎಲ್ಲರಿಗೂ ಬರುತ್ತದೆ. ಪ್ರಿಸಿಷನ್ ಮಾದರಿಯಲ್ಲಿ ಅದು ಬೇಡ. 1957ರಿಂದ ಬಂದಿರುವ ಎರಡು ತುಂಡಿನ ಪಿಕಪ್‌ನಲ್ಲಿ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಭಾಗ) ಇ, ಎ ತಂತಿಗಳಿಗೆ ಒಂದು ತುಂಡು, ಡಿ, ಜಿಗೆ ಇನ್ನೊಂದು. ನಡುವಿನ ತಂತಿ ನಟ್ಟನಡುವೆ ಬಂದರೆ ಅದು ಎರಡು ತುಂಡುಗಳ ಸಂದಿನಲ್ಲಿ ಹಾದುಹೋಗಿ, ಎ ತಂತಿಯ ಸದ್ದು ಅಕ್ಕಪಕ್ಕದವಕ್ಕಿಂತ ಕುಗ್ಗುತ್ತದೆ. ಸ್ಯಾಡಲ್‌ಗಳನ್ನು ಹೊತ್ತ ಬ್ರಿಡ್ಜ್‌ನಲ್ಲಿ ಇ ಮತ್ತು ಜಿ ಜಾಗಗಳ ನಡುವೆ 57 ಮಿಮೀ ಇರುವುದರಿಂದ ತಂತಿಗಳ ಅಂತರವೂ 19ರಿಂದ 28.5 ಮಿಮೀಗೆ ಹಿಗ್ಗಿ ಬೆರಳಿಗೆ ದೂರವಾಗುತ್ತದೆ. ಹರಡಲೇಬೇಕೆಂದರೆ ಬಿಡಿ ಅಯಸ್ಕಾಂತದ ಕಂಬಗಳ ಬದಲು ಉದ್ದಪಟ್ಟಿಯಂಥ ಬ್ಲೇಡ್ ಇರುವ ಪಿಕಪ್, ಬಿಡಿಬಿಡಿಯಾಗಿ ಕೂರಿಸುವ ಒಂಟಿ ತಂತಿಯ ಬ್ರಿಡ್ಜ್‌ಗಳು, ಹೊಸ ನಟ್ (ಹೆಡ್‌ಸ್ಟಾಕ್ ಬಳಿ ತಂತಿಗಳು ಕೂರುವ ಸೀಳುಗಳಿರುವ ಪಟ್ಟಿ) ಮೂರೂ ಬೇಕು. ಅಷ್ಟು ಖರ್ಚಿಗೆ ಸಿಗುವ ಲಾಭ ಚಿಕ್ಕದು. ತಂತಿಗಳು ಹಳೆಯ ಜಾಗದಲ್ಲೇ ಇರಲಿ, ಜಿ ಬದಿ ಖಾಲಿ ಇರಲಿ. ಮನಸ್ಸಾದಾಗ ಜಿ ತಂತಿ ವಾಪಸ್ ಹಾಕಲೂಬಹುದು.

ಶ್ರುತಿಯಲ್ಲಿ ಇ-ಎ-ಡಿ ಬಿಟ್ಟರೆ ಡಿ-ಎ-ಡಿ ಬಹಳ ಸೊಗಸು. ಸ-ಪ-ಸ ಆದ್ದರಿಂದ ಒಂದೇ ಬೆರಳನ್ನು ಅಡ್ಡ ಹಾಕಿದರೆ ಪವರ್ ಕಾರ್ಡ್ (ಸ ಮತ್ತು ಪ ಒಟ್ಟಿಗೆ ನುಡಿಯುವುದು) ಸಿದ್ಧ. ಆದರೆ ಇ ತಂತಿಯನ್ನು ಡಿಗೆ ಇಳಿಸಿದಾಗ (41.2ರಿಂದ 36.7 ಹರ್ಟ್ಸ್) ಬಿಗಿ ಐದನೇ ಒಂದು ಭಾಗ ಕಡಿಮೆಯಾಗಿ ತಂತಿ ಫ್ರೆಟ್‌ಗೆ ಬಡಿಯುತ್ತದೆ. 0.100 ಇಂಚಿನ ತಂತಿಯ ಜಾಗಕ್ಕೆ 0.110 ಹಾಕಿದರೆ ಬಿಗಿ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ನಟ್‌ನ ಸೀಳನ್ನು ಕಾಲು ಮಿಮೀ ಅಗಲಿಸಬೇಕು. ಇಲ್ಲವಾದರೆ ತಂತಿ ಸೀಳಿನೊಳಗೆ ಇಳಿಯದೆ ಮೇಲೇ ಕೂತು, ಮೊದಲೆರಡು ಫ್ರೆಟ್‌ಗಳಲ್ಲಿ ಸ್ವರ ಏರಿ ಅಪಶ್ರುತಿಯಾಗುತ್ತದೆ. ಬಿ-ಇ-ಎ ಕೂಡ ಸಾಧ್ಯ, ಆದರೆ 0.130 ದಪ್ಪದ ಬಿ ತಂತಿ ಎಲ್ಲ ಬ್ರಿಡ್ಜ್‌ಗಳ ತೂತಿನಲ್ಲಿ, ಟ್ಯೂನರ್‌ಗಳಲ್ಲಿ ಹಿಡಿಸುವುದಿಲ್ಲ. ಮೊದಲೇ ಅಳೆದು ನೋಡಿ.

ಹೆಬ್ಬೆರಳಿನಿಂದ ತಂತಿ ಬಡಿದು, ಬೆರಳಿನಿಂದ ಎಳೆದು ಚಿಮ್ಮಿಸುವ ಸ್ಲ್ಯಾಪ್ ಶೈಲಿಯವರಿಗೆ ಇದನ್ನು ಹೇಳಲಾರೆ. ಚಿಮ್ಮಿಸಲು ಜಿ ಇಲ್ಲದೆ 0.065ರ ಡಿ ತಂತಿ ಎಳೆಯಬೇಕು. ಬೆರಳಿಗೆ ಶ್ರಮ, ಸದ್ದಿನಲ್ಲಿ ಹೊಳಪು ಕಡಿಮೆ. ಮೇಲಿನ ಐದು ಸೆಮಿಟೋನ್‌ಗಳೂ ಕೈಬಿಟ್ಟವು, ಹಾಗಾಗಿ ಬೇಸ್‌ನಲ್ಲಿ ಸೋಲೋ ನುಡಿಸುವವರಿಗೂ ಇಕ್ಕಟ್ಟು.

ಎರಡು ತಂತಿಗೆ ಇಳಿದರೆ ವಾದ್ಯವೇ ಬೇರೆ. ಅಮೆರಿಕದ ಮಾರ್ಫಿನ್ ರಾಕ್ ತಂಡದ ಮಾರ್ಕ್ ಸ್ಯಾಂಡ್‌ಮನ್ ಎರಡು ತಂತಿಯ ಬೇಸನ್ನು ಸ್ಲೈಡ್‌ನಿಂದ (ತಂತಿಯ ಮೇಲೆ ಜಾರಿಸುವ ಕೊಳವೆ) ನುಡಿಸಿ ತಮ್ಮದೇ ನಾದ ಕಟ್ಟಿದರು. ಅದಕ್ಕೆ ತಂತಿ ಎತ್ತರ 3 ಮಿಮೀ ದಾಟಬೇಕು, ಇಲ್ಲವಾದರೆ ಸ್ಲೈಡ್ ಫ್ರೆಟ್‌ಗೆ ತಾಕುತ್ತದೆ. ಉಜ್ಜುವ ಸದ್ದು ತಗ್ಗಲು ಫ್ಲಾಟ್‌ವೂಂಡ್ (ಹೊರಮೈ ನುಣುಪಾಗಿರುವ) ತಂತಿಯೇ ಆಗಬೇಕು. ಆ ಎತ್ತರದಲ್ಲಿ ಬೆರಳಿನಿಂದ ಒತ್ತಿ ನುಡಿಸುವುದು ಕಷ್ಟ, ಆದ್ದರಿಂದ ಇರುವ ಒಂದೇ ಬೇಸನ್ನು ಹೀಗೆ ಮಾರ್ಪಡಿಸಬೇಡಿ. ಮೂರು ತಂತಿಯದ್ದಕ್ಕೆ ಆ ಭಯವಿಲ್ಲ. ಹಾಡುತ್ತಾ ಬೇಸ್ ನುಡಿಸುವವರು, ಮೂವರ ರಾಕ್ ತಂಡದಲ್ಲಿ ಇರುವವರು ಒಂದು ಸೆಟ್ ತಂತಿ ಸವೆಯುವವರೆಗಾದರೂ ಇ-ಎ-ಡಿಯಲ್ಲೇ ನುಡಿಸಿ ನೋಡಿ.