ಡೆಕ್ಸಾ ಸ್ಕ್ಯಾನ್: ಮೂಳೆಗೆ ಧಾರಾಳವಾಗಿ ಮಾಡಿಸಿ, ಕೊಬ್ಬಿನ ಲೆಕ್ಕಕ್ಕೆ ಸ್ವಲ್ಪ ತಡೆಯಿರಿ

ನಾನು ಹೋಗುವ ಸ್ಕ್ಯಾನ್ ಸೆಂಟರಿನಲ್ಲಿ ಎರಡು ಬಗೆಯ ಜನ ಕಾಯುತ್ತಿರುತ್ತಾರೆ. ಮುಟ್ಟು ನಿಂತ ಮೇಲೆ ಡಾಕ್ಟರ್ ಚೀಟಿ ಬರೆದು ಕಳಿಸಿದ ನನ್ನಂಥ ಹೆಂಗಸರು ಒಂದು ಕಡೆ. ಜಿಮ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು "ಬಾಡಿ ಫ್ಯಾಟ್ ಎಷ್ಟಿದೆ ನೋಡಬೇಕು" ಅನ್ನುವ ಹುಡುಗರು ಇನ್ನೊಂದು ಕಡೆ. ಇಬ್ಬರೂ ಮಲಗುವುದು ಒಂದೇ ಟೇಬಲ್ ಮೇಲೆ. ನಾನಂತೂ ಕೆಲವು ವರ್ಷಗಳಿಂದ ಎರಡಕ್ಕೂ ಮಲಗುತ್ತಿದ್ದೇನೆ. ಮೂಳೆಯ ಲೆಕ್ಕಕ್ಕೂ, ಮೈಯಲ್ಲಿ ಕೊಬ್ಬೆಷ್ಟು ಸ್ನಾಯು ಎಷ್ಟು ಅನ್ನುವುದಕ್ಕೂ. ಇಷ್ಟು ದಿನದ ಮೇಲೆ ನನ್ನ ಅಭಿಪ್ರಾಯ ಇದು: ಒಂದು ರಿಪೋರ್ಟಿನ ಒಂದು ಅಂಕಿಗೆ ಅಂಥಾ ಬೆಲೆ ಇಲ್ಲ. ಅದೇ ಮೆಷಿನ್ನಿನಲ್ಲಿ, ಅದೇ ರೀತಿ ತೆಗೆದ ಹಳೇ ಅಂಕಿಯ ಪಕ್ಕ ಇಟ್ಟಾಗ ಮಾತ್ರ ಅದು ಮಾತಾಡುತ್ತದೆ.

ಮೊದಲು ಈ ಡೆಕ್ಸಾ ಮೆಷಿನ್ ಬಗ್ಗೆ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಮೈಯ ಮೂಲಕ ಹಾಯುತ್ತದೆ. ಮೂಳೆ ಎರಡನ್ನೂ ಒಂದು ರೀತಿ ಹೀರುತ್ತದೆ, ಕೊಬ್ಬು ಮತ್ತು ಮಾಂಸ ಬೇರೆ ರೀತಿ. ಆ ವ್ಯತ್ಯಾಸದಿಂದ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜ ಇದೆ ಅಂತ ಲೆಕ್ಕ ಹಾಕುತ್ತಾರೆ, ಅದೇ ಮೂಳೆಯ ಸಾಂದ್ರತೆ. ಎಂಆರ್‌ಐ ಥರ ಸುರಂಗದೊಳಗೆ ಹೋಗುವುದಿಲ್ಲ, ತೆರೆದ ಟೇಬಲ್. ಮೇಲೊಂದು ತೋಳು ಗುಂಯ್ ಅಂತ ಸರಿದು ಹೋಗುತ್ತದೆ, ಅಷ್ಟೇ. ವಿಕಿರಣದ ಭಯ ಇರುವವರಿಗೆ: ಇದು ಕೆಲವೇ ಮೈಕ್ರೋಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಾವು ಒಂದೆರಡು ದಿನದಲ್ಲಿ ಸುಮ್ನೆ ಪಡೆಯುವಷ್ಟು. ಬಸುರಿಯರು ಮಾತ್ರ ಮಾಡಿಸುವ ಹಾಗಿಲ್ಲ.

ತಯಾರಿ ಜಾಸ್ತಿ ಏನಿಲ್ಲ. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕು. ಕರಗದ ಮಾತ್ರೆ ಹೊಟ್ಟೆಯಲ್ಲಿ ಕೂತಿದ್ದರೆ ಬೆನ್ನುಮೂಳೆಯ ಚಿತ್ರದ ಮೇಲೆ ಬಿಳಿ ಚುಕ್ಕೆಯಾಗಿ ಬರುತ್ತದೆ. ಸೀರೆ ಉಟ್ಟು ಹೋದರೆ ಪಿನ್ನು, ಕೊಕ್ಕೆ, ಬಳೆ, ಸರ ಎಲ್ಲಾ ಬಿಚ್ಚಬೇಕಾಗುತ್ತದೆ. ನಾನು ಲಾಡಿ ಕಟ್ಟುವ ಹತ್ತಿ ಪ್ಯಾಂಟು, ಹಳೇ ಕುರ್ತಾ ಹಾಕಿಕೊಂಡು ಹೋಗುತ್ತೇನೆ.

ಒಳಗೆ ಟೆಕ್ನಿಶಿಯನ್ ಕೆಲಸವನ್ನು ಗಮನಿಸಿ. ಬೆನ್ನುಮೂಳೆಗೆ ಮೊಣಕಾಲಿನ ಕೆಳಗೆ ಒಂದು ದಪ್ಪ ಫೋಮ್ ದಿಮ್ಮಿ ಇಡುತ್ತಾರೆ, ಸೊಂಟ ಟೇಬಲ್‌ಗೆ ಚಪ್ಪಟೆಯಾಗಿ ಅಂಟಲಿ ಅಂತ. ಸೊಂಟದ ಕೀಲಿಗೆ ಪಾದವನ್ನು ಒಳಕ್ಕೆ ತಿರುಗಿಸಿ ಪಟ್ಟಿ ಹಾಕಿ ಬಿಗಿಯುತ್ತಾರೆ. ಈ ತಿರುವು ಸ್ವಲ್ಪ ಹೆಚ್ಚುಕಮ್ಮಿ ಆದರೂ ತೊಡೆಮೂಳೆಯ ಕುತ್ತಿಗೆ (ಸೊಂಟದ ಕೀಲಿನ ಹತ್ತಿರದ ಕಿರಿದಾದ ಭಾಗ) ಉದ್ದವಾಗಿಯೋ ಗಿಡ್ಡವಾಗಿಯೋ ಕಾಣುತ್ತದೆ, ಅಂಕಿ ಬದಲಾಗುತ್ತದೆ. ನಾನು ಹೋಗುವ ಕಡೆಯ ಹುಡುಗಿ ಪ್ರತಿ ಸಲ ಹಳೇ ಚಿತ್ರವನ್ನು ಪರದೆಯ ಮೇಲೆ ಇಟ್ಟುಕೊಂಡು, "ಆಂಟಿ, ಇನ್ನೊಂಚೂರು ಒಳಗೆ ತಿರುಗಿಸಿ, ಹಾಂ, ಹಂಗೇ ಇರಿ" ಅನ್ನುತ್ತಾಳೆ. ಆ ಸೆಂಟರಿಗೆ ನಾನು ಅಂಟಿಕೊಂಡಿರುವುದಕ್ಕೆ ಅವಳೇ ಕಾರಣ. ಎಸಿ, ಸೋಫಾ, ಕಾಫಿ ಎಲ್ಲಾ ಆಮೇಲೆ.

ಇನ್ನು ನನ್ನ ಅಂಕಿಗಳು. ಮೊದಲ ರಿಪೋರ್ಟಿನಲ್ಲಿ ಬೆನ್ನುಮೂಳೆಯ ಸಾಂದ್ರತೆ 0.93, ಟಿ-ಸ್ಕೋರ್ ಮೈನಸ್ 2.1. ಟಿ-ಸ್ಕೋರ್ ಅಂದರೆ ಗಟ್ಟಿಮುಟ್ಟಾದ ಯುವತಿಯ ಮೂಳೆಗಿಂತ ನಾವು ಎಷ್ಟು ಕೆಳಗಿದ್ದೇವೆ ಅನ್ನುವ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಈಗಲೂ ನಡೆಯುತ್ತಿದೆ. ಮೈನಸ್ 1ರವರೆಗೆ ಸರಿ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಆಸ್ಟಿಯೋಪೀನಿಯಾ, ಅಂದರೆ ಮೂಳೆ ಸ್ವಲ್ಪ ಸವೆದಿದೆ; ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿದೆ. ಇದು ಮುಟ್ಟು ನಿಂತವರಿಗೆ ಮತ್ತು 50 ದಾಟಿದ ಗಂಡಸರಿಗೆ. ಜಿಮ್ ಹುಡುಗರು ತಮ್ಮ ಟಿ-ಸ್ಕೋರ್ ನೋಡಿ ಗಾಬರಿಯಾಗುವುದು ಬೇಡ. ಅವರು ನೋಡಬೇಕಾದದ್ದು ಪಕ್ಕದಲ್ಲಿರುವ ಝಡ್-ಸ್ಕೋರ್, ಅದು ಅವರದೇ ವಯಸ್ಸಿನವರ ಜೊತೆಗಿನ ಹೋಲಿಕೆ.

ಮುಂದಿನ ಸಲ ನಮ್ಮ ಸೆಂಟರಿನ ಮೆಷಿನ್ ರಿಪೇರಿಯಲ್ಲಿತ್ತು. ಬೆಂಗಳೂರಿಗೆ ಮಗಳ ಮನೆಗೆ ಹೋದವಳು ಅಲ್ಲೇ ಒಂದು ಕಡೆ ಮಾಡಿಸಿದೆ. ಟಿ-ಸ್ಕೋರ್ ಮೈನಸ್ 1.8 ಬಂತು. ಮನೆಯವರಿಗೆಲ್ಲಾ ಖುಷಿ. ರಿಪೋರ್ಟನ್ನು ಡಾಕ್ಟರ್ ಮುಂದಿಟ್ಟರೆ ಅವರು ಟಿ-ಸ್ಕೋರ್ ಬಿಟ್ಟು ಅದರ ಹಿಂದಿನ ಕಾಲಂ ಮೇಲೆ ಪೆನ್ನು ಇಟ್ಟರು. ಸಾಂದ್ರತೆ 0.85! ಅಂದರೆ ಖನಿಜ ಎಂಟೊಂಬತ್ತು ಪರ್ಸೆಂಟ್ ಕಮ್ಮಿಯಾಗಿದೆ, ಸ್ಕೋರ್ ಮಾತ್ರ ಸುಧಾರಿಸಿದೆ. ಹೇಗೆ ಸಾಧ್ಯ? "ಎರಡೂ ಸುಳ್ಳು ಅಲ್ಲಮ್ಮ, ಎರಡೂ ಬೇರೆ ತಕ್ಕಡಿ" ಅಂದರು.

ವಿಷಯ ಇಷ್ಟೇ. ಮೊದಲನೆಯದು ಜಿಇ ಲೂನಾರ್ ಮೆಷಿನ್, ಎರಡನೆಯದು ಹೋಲೋಜಿಕ್. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಇವೆರಡೇ. ಒಂದೇ ಬೆನ್ನುಮೂಳೆಯನ್ನು ಅಳೆದರೂ ಲೂನಾರ್ ಅಂಕಿ ಹತ್ತು ಪರ್ಸೆಂಟಿಗೂ ಜಾಸ್ತಿ ಬರುತ್ತದೆ. ಮೂಳೆಯ ಅಂಚನ್ನು ಗುರುತಿಸುವ ರೀತಿ ಬೇರೆ, ಅಳತೆಯನ್ನು ಹೊಂದಿಸಿದ ರೀತಿ ಬೇರೆ, ಹೋಲಿಕೆಗೆ ಇಟ್ಟುಕೊಂಡ ಯುವತಿಯರ ಪಟ್ಟಿಯೂ ಬೇರೆ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2010ರಲ್ಲಿ ಭಾರತೀಯರದ್ದೇ ಅಳತೆಗಳನ್ನು ಪ್ರಕಟಿಸಿದೆ. ಕೆಲವು ರಿಪೋರ್ಟುಗಳಲ್ಲಿ ಅದನ್ನೂ ಬಳಸುತ್ತಾರೆ, ಆಗ ಸ್ಕೋರ್ ಇನ್ನೊಂದು ಬರುತ್ತದೆ. ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೆಷಿನ್ ಹೆಸರು, ಯಾವ ಪಟ್ಟಿ ಬಳಸಿದ್ದಾರೆ, ಬೆನ್ನಿನ ಕೆಳಭಾಗದ ಎಲ್1ರಿಂದ ಎಲ್4ರವರೆಗೆ ಯಾವ ಬೆನ್ನುಮಣಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಅಂತ ಇರುತ್ತದೆ. ಹಸಿರು, ಹಳದಿ, ಕೆಂಪು ಬಣ್ಣದ ಗ್ರಾಫಿಗಿಂತ ಮೊದಲು ಅದನ್ನು ಓದಿ.

ಆಮೇಲೆ ನಮ್ಮ ಹಳೇ ಸೆಂಟರಿನ ರಿಪೇರಿಯಾದ ಮೆಷಿನ್ನಿನಲ್ಲೇ ಮತ್ತೆ ಮಾಡಿಸಿದಾಗ 0.91 ಬಂತು. ಇಳಿದಿದೆ ಅಲ್ವಾ? ಡಾಕ್ಟರ್ ಪ್ರಕಾರ ಅದೂ ಇಳಿಕೆ ಅಲ್ಲ. ಒಬ್ಬರನ್ನೇ ಟೇಬಲ್ಲಿನಿಂದ ಎಬ್ಬಿಸಿ ಮತ್ತೆ ಮಲಗಿಸಿ ಅಳೆದರೂ ಅಂಕಿ ಸ್ವಲ್ಪ ಅಲ್ಲಾಡುತ್ತದೆ. ಈ ವಿಷಯದ ಅಂತರರಾಷ್ಟ್ರೀಯ ಸಂಘ ಐಎಸ್‌ಸಿಡಿ ಬೆನ್ನುಮೂಳೆಗೆ ಒಪ್ಪುವ ಹೆಚ್ಚೆಂದರೆ ಅಲುಗಾಟ 1.9 ಪರ್ಸೆಂಟ್. ಅದನ್ನು, ಎರಡು ಅಳತೆಗಳನ್ನು ಹೋಲಿಸಲು ತಜ್ಞರು ಬಳಸುವ 2.77ರಿಂದ ಗುಣಿಸಿದರೆ 5.3. ಎರಡು ರಿಪೋರ್ಟುಗಳ ನಡುವೆ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮಾತ್ರ ಮೂಳೆ ನಿಜವಾಗಿ ಬದಲಾಗಿದೆ ಅಂತ ಗಟ್ಟಿಯಾಗಿ ಹೇಳಬಹುದು. ಇಡೀ ಸೊಂಟದ ಕೀಲಿಗೆ ಇದು 5, ತೊಡೆಮೂಳೆಯ ಕುತ್ತಿಗೆಗೆ 6.9. ಒಳ್ಳೆಯ ಸೆಂಟರುಗಳು ತಮ್ಮದೇ ಅಲುಗಾಟವನ್ನು ಅಳೆದು ಇಟ್ಟುಕೊಂಡಿರುತ್ತವೆ, ಅದು ಇದಕ್ಕಿಂತ ಕಮ್ಮಿ ಇರುತ್ತದೆ. ಕೇಳಿ ನೋಡಿ. ಕೆಲವರು ಕಣ್ಣು ಕಣ್ಣು ಬಿಡುತ್ತಾರೆ, ಅದರಿಂದಲೂ ಒಂದು ವಿಷಯ ಗೊತ್ತಾಗುತ್ತದೆ.

ಇದನ್ನು ತಿಳಿದ ಮೇಲೆ ವರ್ಷ ವರ್ಷ ಓಡುವುದು ಬಿಟ್ಟೆ. ಮುಟ್ಟು ನಿಂತ ಹೊಸದರಲ್ಲಿ ಬೆನ್ನುಮೂಳೆ ವರ್ಷಕ್ಕೆ ಎರಡು ಪರ್ಸೆಂಟಿನಷ್ಟು ಸವೆಯಬಹುದು. ಐದು ಪರ್ಸೆಂಟಿನ ಕೆಳಗೆ ನಂಬಲಾಗದ ಅಳತೆಯಲ್ಲಿ ಒಂದು ವರ್ಷದ ಸವೆತ ಹಿಡಿಯುವುದು ಹೇಗೆ? ಎರಡು ವರ್ಷದ ಅಂತರ ಸಾಕು. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಕಥೆ ಬೇರೆ, ಅವರಲ್ಲಿ ಮೂಳೆ ಬೇಗ ಕರಗುತ್ತದೆ, ಡಾಕ್ಟರ್ ಹೇಳಿದಷ್ಟು ಸಲ ಹೋಗಲೇಬೇಕು.

ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದು ಅಮ್ಮನಿಂದಾಗಿ. ಬಚ್ಚಲಲ್ಲಿ ಜಾರಿ ಬಲಗಡೆ ತೊಡೆಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ರಾಡ್ ಹಾಕಿದ ಮೇಲೆ ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಯ ಸ್ಕೋರ್ ಮೈನಸ್ 0.6! "ಅಜ್ಜಿ ಮೂಳೆ ನಿಮಗಿಂತ ಗಟ್ಟಿ" ಅಂತ ಮಗಳು ನಕ್ಕಳು. ರಾಡ್ ಇಲ್ಲದ ಎಡಗಡೆ ಸೊಂಟ ಅಳೆದಾಗ ಮೈನಸ್ 2.9. ವಯಸ್ಸಾದವರ ಬೆನ್ನುಮಣಿಗಳ ಅಂಚಿನಲ್ಲಿ ಮುಳ್ಳಿನ ಹಾಗೆ ಮೂಳೆ ಬೆಳೆದಿರುತ್ತದೆ, ಅದರ ಮುಂದೆ ಹೋಗುವ ದೊಡ್ಡ ರಕ್ತನಾಳದಲ್ಲಿ ಸುಣ್ಣ ಕಟ್ಟಿರುತ್ತದೆ. ಮೆಷಿನ್ ಅದನ್ನೆಲ್ಲಾ ಮೂಳೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಹಾಗಾಗಿ ಮನೆಯ ಹಿರಿಯರಿಗೆ ಬರೀ ಬೆನ್ನುಮೂಳೆ ಮಾಡಿ ಕಳಿಸಿದರೆ ಒಪ್ಪಬೇಡಿ, ಸೊಂಟವನ್ನೂ ಮಾಡಿಸಿ. ಅಮ್ಮನಿಗೆ ಈಗ ವರ್ಷಕ್ಕೊಮ್ಮೆ ಮೂಳೆ ಸವೆತ ತಡೆಯುವ ಝೋಲೆಡ್ರೋನಿಕ್ ಆಸಿಡ್ ಡ್ರಿಪ್ ನಡೆಯುತ್ತಿದೆ.

ಅಪ್ಪ ಅಮ್ಮನಿಗೆ ಸೊಂಟ ಮುರಿದಿದ್ದರೆ ಅದು ಮಕ್ಕಳ ಲೆಕ್ಕಕ್ಕೂ ಸೇರುತ್ತದೆ. ಫ್ರ್ಯಾಕ್ಸ್ ಅಂತ ಒಂದು ಲೆಕ್ಕಾಚಾರ ಇದೆ, ಭಾರತದವರಿಗೇ ಒಂದು ಮಾದರಿ ಇದೆ. ವಯಸ್ಸು, ತೂಕ, ಹಿಂದೆ ಮೂಳೆ ಮುರಿದಿದೆಯಾ, ಬೀಡಿ ಸಿಗರೇಟು, ಸ್ಟೀರಾಯ್ಡ್, ತೊಡೆಮೂಳೆ ಕುತ್ತಿಗೆಯ ಸಾಂದ್ರತೆ ಎಲ್ಲಾ ಹಾಕಿದರೆ ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಎಷ್ಟು ಅಂತ ಹೇಳುತ್ತದೆ. ಅದನ್ನು ನೋಡಿಯೇ ಡಾಕ್ಟರ್ ನನಗೆ ಸದ್ಯಕ್ಕೆ ಔಷಧಿ ಬೇಡ ಅಂದರು. ವಿಟಮಿನ್ ಡಿ, ಭಾರ ಎತ್ತುವ ವ್ಯಾಯಾಮ, ಊಟದಲ್ಲಿ ಕ್ಯಾಲ್ಸಿಯಂ. "ದಿನಾ ಮುದ್ದೆ ತಿಂತೀನಿ ಡಾಕ್ಟ್ರೇ" ಅಂದೆ. ರಾಗಿ ಒಳ್ಳೆಯದೇ, ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ದಿನಕ್ಕೆ ಬೇಕಾದದ್ದು ಸಾವಿರದ ಮೇಲೆ. ಮಜ್ಜಿಗೆ, ಎಳ್ಳು, ಸೊಪ್ಪು ಜೊತೆಗೆ ಬೇಕೇ ಬೇಕು.

ನಡುವೆ ಒಂದು ಮಾತು. ಔಷಧಿ ಅಂಗಡಿ ಮುಂದೆ ಶಾಮಿಯಾನ ಹಾಕಿ "ಉಚಿತ ಮೂಳೆ ತಪಾಸಣೆ" ಮಾಡುತ್ತಾರಲ್ಲ, ಅದು ಡೆಕ್ಸಾ ಅಲ್ಲ. ಹಿಮ್ಮಡಿಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಹಾಯಿಸುತ್ತಾರೆ. ಆ ಚೀಟಿಯಲ್ಲೂ ಟಿ-ಸ್ಕೋರ್ ಅಂತ ಬರೆದಿರುತ್ತದೆ, ಆದರೆ ಮೈನಸ್ 2.5ರ ಗೆರೆ ಅದಕ್ಕೆ ಅನ್ವಯಿಸುವುದಿಲ್ಲ. ನಮ್ಮ ಬೀದಿಯ ಇಂಥದ್ದೊಂದು ಶಿಬಿರದಲ್ಲಿ ಪಕ್ಕದ ಮನೆಯವರಿಗೆ "ಮೂಳೆ ಟೊಳ್ಳಾಗಿದೆ" ಅಂತ ಹೆದರಿಸಿ ಮೂರು ತಿಂಗಳ ಮಾತ್ರೆ ಕೊಟ್ಟು ಕಳಿಸಿದರು. ಡೆಕ್ಸಾದಲ್ಲಿ ಅವರ ಮೂಳೆ ನನ್ನದಕ್ಕಿಂತ ಚೆನ್ನಾಗಿತ್ತು.

ಈಗ ಕೊಬ್ಬಿನ ಕಡೆ ಬರೋಣ. ಇಡೀ ಮೈ ಸ್ಕ್ಯಾನ್ ಬೇರೆ, ಅದಕ್ಕೆ ಬೇರೆ ದುಡ್ಡು. ಕೈ, ಕಾಲು, ಹೊಟ್ಟೆ ಅಂತ ವಿಂಗಡಿಸಿ ಕೊಬ್ಬು, ಕೊಬ್ಬಲ್ಲದ್ದು, ಮೂಳೆ ಎಷ್ಟೆಷ್ಟು ಅಂತ ಕೊಡುತ್ತಾರೆ. ನಮ್ಮಂಥವರಿಗೆ ಇದು ಯಾಕೆ ಬೇಕು ಅನ್ನುವುದಕ್ಕೆ ಪುಣೆಯ ಮಧುಮೇಹ ತಜ್ಞ ಡಾ. ಯಾಜ್ನಿಕ್ ಅವರ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಅವರೂ ಲಂಡನ್ನಿನ ಡಾ. ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಫೋಟೋ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಡೆಕ್ಸಾದಲ್ಲಿ ಯುಡ್ಕಿನ್ ಅವರ ಕೊಬ್ಬು 9.1 ಪರ್ಸೆಂಟ್, ಯಾಜ್ನಿಕ್ ಅವರದ್ದು 21.2. ತೆಳ್ಳಗೆ ಕಾಣುವ ಭಾರತೀಯರ ಮೈಯೊಳಗಿನ ಕಥೆ ಅದು.

ನನ್ನದೂ ಅದೇ. 155 ಸೆಂಟಿಮೀಟರ್ ಎತ್ತರ, 57 ಕಿಲೋ. ದಪ್ಪ ಅಂತ ಯಾರೂ ಅನ್ನುವುದಿಲ್ಲ. ಸ್ಕ್ಯಾನಿನಲ್ಲಿ ಕೊಬ್ಬು 24 ಕಿಲೋ, ಅಂದರೆ 42 ಪರ್ಸೆಂಟ್! ನನ್ನನ್ನು ಇನ್ನೂ ಹೆದರಿಸಿದ್ದು ಕೈಕಾಲುಗಳ ಅಂಕಿ. ಕೈಕಾಲಿನ ಕೊಬ್ಬಲ್ಲದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ನನಗೆ 5.2 ಬಂತು. ಸ್ನಾಯು ಸೊರಗಿದೆ ಅನ್ನಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೆಂಗಸರಿಗೆ ಹಾಕಿದ ಗೆರೆ 5.4, ಗಂಡಸರಿಗೆ 7. ಮೂಳೆ ಮುರಿಯುವುದು ಬಿದ್ದಾಗ. ಬೀಳದ ಹಾಗೆ ಹಿಡಿಯುವುದು ತೊಡೆಯ ಸ್ನಾಯು. ಎರಡೂ ಸ್ಕ್ಯಾನನ್ನು ಒಟ್ಟಿಗೆ ಓದಬೇಕಾದದ್ದು ಇದಕ್ಕೇ.

ಎರಡು ವರ್ಷ ಡಂಬೆಲ್, ಬಸ್ಕಿ, ಮೊಟ್ಟೆ, ಕಾಳು. ತೂಕ ಇಳಿದಿದ್ದು ಅರ್ಧ ಕಿಲೋ ಚಿಲ್ಲರೆ, 56.4. ತಕ್ಕಡಿ ನಂಬಿದ್ದರೆ ಬೇಜಾರಾಗಿ ಬಿಟ್ಟುಬಿಡುತ್ತಿದ್ದೆ. ಸ್ಕ್ಯಾನಿನಲ್ಲಿ ಕೊಬ್ಬು 21.9ಕ್ಕೆ ಇಳಿದಿತ್ತು, ಕೊಬ್ಬಲ್ಲದ್ದು 31.2ರಿಂದ 32.7ಕ್ಕೆ ಏರಿತ್ತು. ಕೈಕಾಲಿನ ಅಂಕಿ 5.6. ಕಟ್ಟುನಿಟ್ಟಾಗಿ ಹೇಳಬೇಕೆಂದರೆ ಆ ಒಂದೂವರೆ ಕಿಲೋ ಏರಿಕೆ ಇನ್ನೂ ಮೆಷಿನ್ನಿನ ಅಲುಗಾಟದ ಒಳಗೇ ಇದೆ, ನಿಜವಾದ ಬದಲಾವಣೆ ಅನ್ನಲು ಐದೂವರೆ ಪರ್ಸೆಂಟ್ ದಾಟಬೇಕು. ಆದರೂ ಕುಕ್ಕರ್ ಎತ್ತುವಾಗ ನನಗೆ ಗೊತ್ತಾಗುತ್ತದೆ ಬಿಡಿ.

ಇಲ್ಲೇ ನನ್ನ ತಕರಾರು. "ಕೊಬ್ಬಲ್ಲದ್ದು" ಅಂದರೆ ಬರೀ ಸ್ನಾಯು ಅಲ್ಲ. ನೀರು, ಕರುಳು, ಯಕೃತ್ತು, ಬೆಳಿಗ್ಗೆ ತಿಂದ ಇಡ್ಲಿ ಎಲ್ಲಾ ಅದರಲ್ಲೇ. ಎರಡು ಲೋಟ ನೀರು ಕುಡಿದು ಮಲಗಿದರೆ ಅರ್ಧ ಕಿಲೋ "ಸ್ನಾಯು" ಬಂದ ಹಾಗೆ ಕಾಣಬಹುದು. ಅದಕ್ಕೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಹಿಂದಿನ ದಿನ ಮೈಮುರಿಯುವ ವ್ಯಾಯಾಮ ಮಾಡದೆ, ಅದೇ ಥರದ ಬಟ್ಟೆಯಲ್ಲಿ ಹೋಗಬೇಕು. ಜಿಮ್ಮುಗಳ ಜೊತೆ ಒಪ್ಪಂದ ಮಾಡಿಕೊಂಡು ತಿಂಗಳಿಗೊಂದರಂತೆ ಪ್ಯಾಕೇಜ್ ಮಾರುವ ಸೆಂಟರುಗಳನ್ನು ನೋಡಿದ್ದೇನೆ. ತಿಂಗಳಲ್ಲಿ ಆಗುವ ಬದಲಾವಣೆ ಈ ಮೆಷಿನ್ನಿನ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ವರ್ಷಕ್ಕೊಂದು ಸಾಕು. ಮನೆಯ ಬ್ಲೂಟೂತ್ ತಕ್ಕಡಿ ನನಗೆ 34 ಪರ್ಸೆಂಟ್ ಕೊಬ್ಬು ತೋರಿಸುತ್ತದೆ, ಪಾದ ಒದ್ದೆ ಇದ್ದರೆ ಇನ್ನೊಂದು. ಅದನ್ನು ತೂಕಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಖರ್ಚು: ನಾನು ಮೂಳೆ ಸ್ಕ್ಯಾನಿಗೆ ಎರಡರಿಂದ ಮೂರು ಸಾವಿರ, ಇಡೀ ಮೈಗೆ ಅದರ ಮೇಲೆ ಸುಮಾರು ಅಷ್ಟೇ ಕೊಟ್ಟಿದ್ದೇನೆ. ಇನ್ಶೂರೆನ್ಸಿನಿಂದ ಒಂದು ಪೈಸೆ ಬಂದಿಲ್ಲ. ಮೂಳೆ ಸ್ಕ್ಯಾನಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ, ಕೊಬ್ಬಿನದ್ದಕ್ಕೆ ಮೂರು.

ಈ ವರ್ಷ ನಮ್ಮ ಸೆಂಟರಿನವರು ಹೊಸ ಮೆಷಿನ್ ತರಿಸುತ್ತಿದ್ದಾರಂತೆ. ಕಂಪನಿ ಅದೇ, ಮಾದರಿ ಬೇರೆ. ಒಂದಷ್ಟು ಜನರನ್ನು ಎರಡರಲ್ಲೂ ಮಲಗಿಸಿ ಅಂಕಿ ಹೊಂದಿಸುತ್ತೀರಾ ಅಂತ ಕೇಳಿದ್ದಕ್ಕೆ, "ಮಾಡ್ತೀವಿ ಆಂಟಿ, ನೀವೂ ಬರ್ತೀರಾ?" ಅಂದಳು ಆ ಹುಡುಗಿ. ಹೊಂದಿಸಿದ್ದು ನೋಡಿಕೊಂಡು ನನ್ನ ಮುಂದಿನ ಸ್ಕ್ಯಾನ್. ಹೊಂದಿಸದಿದ್ದರೆ ಹೊಸ ಮೆಷಿನ್ನಿನ ಮೊದಲ ಅಂಕಿಯಿಂದ ಲೆಕ್ಕ ಮತ್ತೆ ಶುರು.