‘ಥಟ್ ಅಂತ ಹೇಳಿ’ ಹೊತ್ತಿಗೆ ಮಳೆ ಬರಬಾರದು: ಫ್ರೀ ಡಿಶ್‌ನಲ್ಲಿ ಚಂದನ, ಐದು ವರ್ಷದ ಬಳಕೆ

ನಮ್ಮ ಮನೆಯ ಟಿವಿ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮುಂದಿನಿಂದ ತೆರೆದರೆ ಅತ್ತೆ ಬರೆದುಕೊಂಡ ಪ್ರಶ್ನೆ, ಉತ್ತರ. ಹಿಂದಿನಿಂದ ತೆರೆದರೆ ಬರೀ ಪ್ರಶ್ನೆಗಳು. ಆ ಕಡೆಯ ಮೊದಲ ಪುಟದ ಮೇಲೆ ಅವರೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ‘ಮಳೆಗೆ ಹೋದವು’.

ತಿಂಗಳ ಬಿಲ್ ಇಲ್ಲದ ದೂರದರ್ಶನದ ಡಿಶ್ ಸೇವೆ, ಡಿಡಿ ಫ್ರೀ ಡಿಶ್‌ನಲ್ಲಿ ಎಷ್ಟು ವಾಹಿನಿ ಬರುತ್ತದೆ, ಬಾಕ್ಸ್ ಎಷ್ಟು ದೊಡ್ಡದು ಅನ್ನುವುದನ್ನೆಲ್ಲ ನೀವು ಆಗಲೇ ಓದಿರುತ್ತೀರಿ. ನಾನು ಅದನ್ನು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಈ ಡಿಶ್ ಇರುವುದೇ ದೂರದರ್ಶನದ ಕನ್ನಡ ವಾಹಿನಿ ಚಂದನಕ್ಕೋಸ್ಕರ. ಚಂದನದಲ್ಲೂ ಮುಖ್ಯವಾಗಿ ರಾತ್ರಿಯ ಒಂದು ಕಾರ್ಯಕ್ರಮಕ್ಕೋಸ್ಕರ, ‘ಥಟ್ ಅಂತ ಹೇಳಿ’ ಅನ್ನುವ ಕ್ವಿಜ್.

ಹಾಕಿಸಿದ್ದು 2020ರಲ್ಲಿ. ಆಗ ಮಗ ಒಂಬತ್ತನೇ ಕ್ಲಾಸು. ಶಾಲೆ ಮುಚ್ಚಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಒಳಗಿರುವ ನಮ್ಮೂರಲ್ಲಿ ಮೊಬೈಲ್ ನೆಟ್‌ವರ್ಕ್ ಬೇಕಂದರೆ ಗುಡ್ಡ ಹತ್ತಬೇಕಿತ್ತು. ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದನ್ನು ನಾನೇ ನೋಡಿದ್ದೇನೆ. ಅದೇ ವರ್ಷ ಶಿಕ್ಷಣ ಇಲಾಖೆಯವರು ‘ಸಂವೇದ’ ಅಂತ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಪಾಠಗಳನ್ನು ಚಂದನದಲ್ಲಿ ಶುರು ಮಾಡಿದರು. ಅದಕ್ಕೆ ಮುಂಚೆ ನಾವು ತಿಂಗಳ ಬಾಡಿಗೆಯ ಬೇರೆ ಸಂಪರ್ಕ ಇಟ್ಟುಕೊಂಡಿದ್ದೆವು. ಬರೀ ಸಂಪರ್ಕಕ್ಕೇ 130 ರೂಪಾಯಿ, ಜಿಎಸ್‌ಟಿ ಸೇರಿ 153. ಅದರ ಮೇಲೆ ಒಂದೊಂದು ವಾಹಿನಿಗೆ ಬೇರೆ ದುಡ್ಡು. ಎಲ್ಲ ಸೇರಿ ಮುನ್ನೂರು ದಾಟುತ್ತಿತ್ತು. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವ ಮನೆಯಲ್ಲಿ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವುದು ಒಂದು ತಲೆನೋವು. ಫ್ರೀ ಡಿಶ್‌ಗೆ ನಾನು ಒಂದೇ ಸಲ 1,800 ರೂಪಾಯಿ ಕೊಟ್ಟೆ. ಆಮೇಲೆ ಇವತ್ತಿನವರೆಗೆ ತಿಂಗಳ ಬಿಲ್ ಅಂತ ಒಂದು ಪೈಸೆ ಕಟ್ಟಿಲ್ಲ.

ಮಗನ ಪಾಠ ಮುಗಿಯಿತು. ಅವನು ಈಗ ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದಾನೆ. ಟಿವಿ ಅತ್ತೆಯ ಪಾಲಿಗೆ ಬಂತು.

ಅತ್ತೆಗೆ ಎಪ್ಪತ್ತನಾಲ್ಕು ವರ್ಷ. ಅವರ ದಿನ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಸಂಜೆ ದೇವರಿಗೆ ದೀಪ ಹಚ್ಚಿ ಬಂದು ಟಿವಿ ಹಾಕುತ್ತಾರೆ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಮುಂದೆ ಏನಿದೆ, ನಾಳೆ ಏನಿದೆ ಅಂತ ತೋರಿಸುತ್ತಾರಲ್ಲ, ಬೇರೆಯವರು ಆ ಹೊತ್ತಿಗೆ ಎದ್ದು ಹೋಗುತ್ತಾರೆ. ಅತ್ತೆ ಕನ್ನಡಕ ಸರಿ ಮಾಡಿಕೊಳ್ಳುವುದೇ ಆಗ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಸಣ್ಣದಾಗಿ ಬರೆದಿಡುತ್ತಾರೆ. ಅಡಿಕೆ ಕೊಳೆರೋಗದ ಬಗ್ಗೆ ಮಾತಿದ್ದರೆ ಮಾವನಿಗೆ ಮುಂಚೆಯೇ ತಿಳಿಸಬೇಕು. ದಸರಾ ಜಂಬೂಸವಾರಿಯ ನೇರಪ್ರಸಾರ ಇರುವ ದಿನ ಅಡುಗೆ ಬೇಗ ಮುಗಿಸಬೇಕು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಚಂದನದ ಕಾರ್ಯಕ್ರಮ, ಮೂರೂ ಒಂದೇ ಕ್ಯಾಲೆಂಡರಿನಲ್ಲಿ ಇರುತ್ತವೆ. ಪಕ್ಕದ ಮನೆಯವರು ಏನಾದರೂ ಒಳ್ಳೆಯದು ಬರುತ್ತದಾ ಅಂತ ಕೇಳಿಕೊಂಡು ಬರುವುದೂ ಅತ್ತೆಯ ಹತ್ತಿರವೇ.

ರಾತ್ರಿ ‘ಥಟ್ ಅಂತ ಹೇಳಿ’ಗೆ ನೋಟ್‌ಬುಕ್ ತೊಡೆಯ ಮೇಲೆ ಬರುತ್ತದೆ. 2002ರಲ್ಲಿ ಶುರುವಾದ ಕ್ವಿಜ್ ಅದು. ಮೂರು ಸಾವಿರಕ್ಕೂ ಹೆಚ್ಚು ಕಂತು ದಾಟಿದೆ. ನಡೆಸುವವರು ಡಾ. ನಾ. ಸೋಮೇಶ್ವರ. ಓದಿದ್ದು ವೈದ್ಯಕೀಯ, ಕೇಳುವುದು ಶಾಸನದಿಂದ ಹಿಡಿದು ಸಿನಿಮಾದವರೆಗೆ. ಸರಿಯುತ್ತರ ಹೇಳಿದವರಿಗೆ ಕನ್ನಡ ಪುಸ್ತಕ ಬಹುಮಾನ. ದುಡ್ಡಲ್ಲ, ಪುಸ್ತಕ. ಇದು ನನಗೆ ಎಷ್ಟು ಇಷ್ಟ ಅಂದರೆ, ಬಹುಮಾನ ಕೊಡುವಾಗ ಕೈಯಲ್ಲಿರುವ ಕೆಲಸ ಬಿಟ್ಟು ಪುಸ್ತಕದ ಹೆಸರು ಕಾಣುತ್ತದಾ ಅಂತ ನೋಡುತ್ತೇನೆ.

ಇಷ್ಟೆಲ್ಲ ಚೆನ್ನಾಗಿರುವುದು ಜೂನ್ ಬರುವ ತನಕ.

ಆರಿದ್ರಾ ಮಳೆ ಹಿಡಿದರೆ ಮೊದಲು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆಮೇಲೆ ಮಾತು ತುಂಡಾಗುತ್ತದೆ. ಆಮೇಲೆ ಕಪ್ಪು ಪರದೆ, ಸಿಗ್ನಲ್ ಇಲ್ಲ. ಹೆಚ್ಚಿನ ಸಲ ಆಗುವುದು ಹೀಗೆ: ಪ್ರಶ್ನೆ ಪೂರ್ತಿ ಕೇಳಿಸಿರುತ್ತದೆ, ಸ್ಪರ್ಧಿಗಳು ಯೋಚನೆ ಮಾಡುತ್ತಿರುತ್ತಾರೆ, ಅಷ್ಟರಲ್ಲಿ ಹೆಂಚಿನ ಮೇಲೆ ಧೋ ಅಂತ ಸುರಿಯುತ್ತದೆ. ಉತ್ತರ ಹೋಗಿಬಿಡುತ್ತದೆ. ಮೊದಲ ಮಳೆಗಾಲದಲ್ಲಿ ನನಗೆ ನಿಜವಾಗಿ ಅಳು ಬರುವಷ್ಟು ಸಿಟ್ಟು ಬಂದಿತ್ತು. ಇಡೀ ದಿನ ಕಾದು ಕೂತವರ ಮುಖ ನೋಡಬೇಕಲ್ಲ.

ಇದು ಒಂದು ಕಂಪನಿಯ ತಪ್ಪಲ್ಲ ಅಂತ ಆಮೇಲೆ ಗೊತ್ತಾಯಿತು. ಮನೆ ಮೇಲೆ ಸಣ್ಣ ಡಿಶ್ ಇರುವ ಎಲ್ಲರದ್ದೂ ಇದೇ ಕಥೆ. ಈ ಡಿಶ್‌ಗಳಿಗೆ ಬರುವ ಅಲೆಗಳು ತೀರಾ ಚಿಕ್ಕವು, ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳು ಅವನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಅತ್ತೆ ಹೇಳುವುದು ಬೇರೆ. ಅವರ ಕಾಲದಲ್ಲಿ ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ ಬೆಂಗಳೂರು ದೂರದರ್ಶನ ನೋಡುತ್ತಿದ್ದರು. ಗಾಳಿ ಬಂದರೆ ಚಿತ್ರದಲ್ಲಿ ಹುಳ ಹುಳ. ಆದರೆ ಮಾತು ಕೇಳುತ್ತಿತ್ತು. ಅವರು ಹೇಳುವುದು ಸರಿಯೇ. ಅನಲಾಗ್‌ನಲ್ಲಿ ಅಂದರೆ ಆ ಆಂಟೆನಾ ಕಾಲದ ಪ್ರಸಾರದಲ್ಲಿ, ಅರ್ಧಂಬರ್ಧವಾದರೂ ಏನೋ ಒಂದು ಸಿಗುತ್ತಿತ್ತು. ಡಿಜಿಟಲ್‌ನಲ್ಲಿ ಇದ್ದರೆ ಪೂರ್ತಿ, ಹೋದರೆ ಪೂರ್ತಿ. ಆ ಹಳೆಯ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ದೇಶದ ಹೆಚ್ಚಿನ ಕಡೆ ನಿಲ್ಲಿಸಿದ್ದಾರೆ. ಹಿಂದಕ್ಕೆ ಹೋಗುವ ದಾರಿ ಇಲ್ಲ.

ಆದರೆ ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು. ನಮಗೆ ಡಿಶ್ ಮಾರಿದ ಅಂಗಡಿಯವರು ತೀರಾ ಸಣ್ಣದನ್ನು ಕೊಟ್ಟಿದ್ದರು. ಮಲೆನಾಡಿನ ಮಳೆಗೆ ಅದು ಸಾಲುವುದಿಲ್ಲ ಅಂತ ಒಂದು ಮಾತೂ ಹೇಳಲಿಲ್ಲ. ಬಾಕ್ಸ್ ಕೂಡ ಹಳೆಯ ಎಂಪೆಗ್-2, ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಹಳೆಯ ವಿಧಾನದ್ದು. ಹೊಸ ವಿಧಾನ ಎಂಪೆಗ್-4ರಲ್ಲಿ ಬರುವ ವಾಹಿನಿಗಳು ಅದರಲ್ಲಿ ಕಾಣುವುದೇ ಇಲ್ಲ. ಕೊಳ್ಳುವಾಗ ಇವೆರಡನ್ನು ಕೇಳಿಯೇ ಕೊಳ್ಳಿ. ಮೂರನೇ ವರ್ಷ ಎರಡನ್ನೂ ಬದಲಾಯಿಸಿದೆ. ಡಿಶ್ ನೋಡಬೇಕಾದ್ದು ಆಗ್ನೇಯಕ್ಕೆ, ಸಾಕಷ್ಟು ಮೇಲಕ್ಕೆ. ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಮನೆಯ ಆಗ್ನೇಯಕ್ಕೆ ಒಂದು ಹಲಸಿನ ಮರ. ಅದರ ಒಂದು ಕೊಂಬೆ ಚಾವಣಿಯ ಮೇಲೇ ಬಾಗಿತ್ತು. ಒದ್ದೆ ಎಲೆ ಮಳೆ ನಿಂತ ಮೇಲೂ ಸಿಗ್ನಲ್ ತಡೆಯುತ್ತಿತ್ತು. ಕೊಂಬೆ ಕಡಿಸಿದೆವು. ತುಕ್ಕು ಹಿಡಿದ ಕನೆಕ್ಟರ್ ತೆಗೆದು ಹೊಸದು ಹಾಕಿಸಿ, ನೀರು ಇಳಿಯದ ಹಾಗೆ ಟೇಪ್ ಸುತ್ತಿಸಿದೆವು. ಈಗ ಸಾಧಾರಣ ಮಳೆಗೆ ಏನೂ ಆಗುವುದಿಲ್ಲ. ಪುನರ್ವಸು, ಪುಷ್ಯ ಜೋರಾಗಿ ಹೊಡೆದರೆ ಮಾತ್ರ ಈಗಲೂ ಹೋಗುತ್ತದೆ.

ಇನ್ನೊಂದು ಮಾತು. ಕೆಲವೊಮ್ಮೆ ವಾಹಿನಿಗಳ ಜಾಗ ಬದಲಾಗುತ್ತದೆ. ಆಗ ಗಾಬರಿಯಾಗಿ ರಿಪೇರಿಯವರನ್ನು ಕರೆಯಬೇಡಿ. ಮೆನುಗೆ ಹೋಗಿ ಆಟೋ ಸ್ಕ್ಯಾನ್ ಕೊಟ್ಟರೆ ಸಾಕು. ಮತ್ತೆ, ಧಾರಾವಾಹಿಗಳ ದೊಡ್ಡ ಖಾಸಗಿ ಕನ್ನಡ ವಾಹಿನಿಗಳೇ ಬೇಕು ಅನ್ನುವ ಮನೆಗೆ ಇದು ಸಾಲುವುದಿಲ್ಲ. ನಮ್ಮ ಬಾಕ್ಸಿನಲ್ಲಿ ಅವು ಬರುವುದಿಲ್ಲ.

ನೋಟ್‌ಬುಕ್‌ನ ಹಿಂದಿನ ಪುಟಗಳು ಶುರುವಾಗಿದ್ದು ಆ ಸಿಟ್ಟಿನ ಮಳೆಗಾಲದಲ್ಲೇ. ಹಲ್ಮಿಡಿ ಶಾಸನದ ಊರು ಯಾವ ತಾಲ್ಲೂಕಿನಲ್ಲಿದೆ ಅನ್ನುವ ಪ್ರಶ್ನೆ. ಮಳೆ ಬಂತು, ಟಿವಿ ಹೋಯಿತು.

“ಉತ್ತರ ಹೇಳೋದ್ರೊಳಗೆ ಹೋಯ್ತಲ್ಲ ಮಾರಾಯ್ತಿ” ಅಂದರು ಅತ್ತೆ. “ಬೇಲೂರು ಇರಬೇಕು.”

“ಶಿಕಾರಿಪುರ ಅಲ್ವಾ ಅತ್ತೆ?” ಅಂದೆ. ನನ್ನ ತಲೆಯಲ್ಲಿ ತಾಳಗುಂದ ಇತ್ತು. ಅದೂ ಹಳೆಯ ಶಾಸನದ ಊರು, ನಮ್ಮ ಜಿಲ್ಲೆಯದ್ದು. ಮಾವ ಎರಡೂ ಅಲ್ಲ, ಬನವಾಸಿ ಹತ್ತಿರ ಇರಬೇಕು ಅಂದರು. ಮಜ್ಜಿಗೆ ಅನ್ನದವರೆಗೂ ವಾದ ನಡೆಯಿತು. ಕರೆಂಟೂ ಹೋಯಿತು, ನಮಗೆ ಗೊತ್ತೇ ಆಗಲಿಲ್ಲ. ಮಾರನೇ ದಿನ ಮಗನ ಹಳೆಯ ಪಠ್ಯಪುಸ್ತಕ ತೆಗೆದು ನೋಡಿದರೆ ಅತ್ತೆ ಹೇಳಿದ್ದೇ ಸರಿ. ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ.

ಅವತ್ತಿನಿಂದ ಮಳೆಗೆ ಹೋದ ಪ್ರಶ್ನೆಯನ್ನು ನಾವು ಬಿಡುವುದಿಲ್ಲ. ಪೇಟೆಗೆ ಹೋದವರು ಲೈಬ್ರರಿಗೆ ಹೋಗಿ ನೋಡಿಕೊಂಡು ಬರುತ್ತೇವೆ. ಶಾಲೆಯ ಮೇಷ್ಟ್ರನ್ನು ಕೇಳುತ್ತೇವೆ. ಸೊಸೈಟಿಯಲ್ಲಿ ಗೊಬ್ಬರಕ್ಕೆ ಸಾಲು ನಿಂತಾಗಲೂ ಮಾವ ಒಂದು ಪ್ರಶ್ನೆ ಹಾಕಿ ಬಂದಿದ್ದಾರೆ. ಚಂದನದ ಕಂತುಗಳು ಯೂಟ್ಯೂಬ್‌ನಲ್ಲಿ ಇರುತ್ತವೆ. 2024ರ ನವೆಂಬರ್‌ನಿಂದ ದೂರದರ್ಶನ ನಡೆಸುವ ಪ್ರಸಾರ ಭಾರತಿಯ ವೇವ್ಸ್ ಅನ್ನುವ ಆಪ್ ಬೇರೆ ಬಂದಿದೆ. ನಮ್ಮೂರಿಗೂ ಈಗ ನೆಟ್‌ವರ್ಕ್ ಬಂದಿದೆ. ಮಗ ರಜಕ್ಕೆ ಬಂದಾಗ “ಅಜ್ಜಿ, ಇಲ್ಲೇ ಉತ್ತರ ಇದೆ, ತೋರಿಸ್ತೀನಿ” ಅಂತ ಫೋನ್ ಹಿಡಿದ.

ಅತ್ತೆ ಕೈ ಅಡ್ಡ ಹಿಡಿದರು. “ತಡಿಯೋ, ಮೊದಲು ನಾವು ಹುಡುಕಾಣ. ಸಿಗದಿದ್ರೆ ನೋಡಾಣ.”

ಈ ಸಲದ ಆಶ್ಲೇಷ ಮಳೆಗೆ ಹೋದವು ಏಳು. ಐದಕ್ಕೆ ಉತ್ತರ ಸಿಕ್ಕಿದೆ, ಪಕ್ಕದಲ್ಲಿ ಕೆಂಪು ಪೆನ್ನಿನ ಗುರುತು ಬಿದ್ದಿದೆ. ಉಳಿದ ಎರಡನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಗುರುವಾರ ಸಂತೆಗೆ ಹೋದಾಗ ಲೈಬ್ರರಿಯಲ್ಲಿ ನೋಡಿಕೊಂಡು ಬರಬೇಕು.